ಹೋಸ್ಟ್ಸ್.ಡಿನೈ ಫೈಲ್ ಇದೆ, ಓದುವವರಿಲ್ಲ: ಟಿಸಿಪಿ ವ್ರ್ಯಾಪರ್ಸ್ ಹೋದ ಮೇಲೆ ಸರ್ವರ್ ಕಾಯುವುದು ಹೇಗೆ

ಹಳೆಯ ಸರ್ವರಿನ ಇಟಿಸಿ ಡೈರೆಕ್ಟರಿಯಲ್ಲಿದ್ದ ಫೈಲುಗಳನ್ನು ಹೊಸ ಸರ್ವರಿಗೆ ನಕಲು ಮಾಡಿದ್ದಾಗಿದೆ. ಹೋಸ್ಟ್ಸ್.ಅಲೌ ಫೈಲಿನಲ್ಲಿ ‘ಎಸ್‌ಎಸ್‌ಎಚ್‌ಡಿ: 192.0.2.’ ಎಂಬ ಸಾಲಿದೆ, ಹೋಸ್ಟ್ಸ್.ಡಿನೈ ಫೈಲಿನಲ್ಲಿ ‘ಎಸ್‌ಎಸ್‌ಎಚ್‌ಡಿ: ಆಲ್’ ಎಂದಿದೆ. ಅಂದರೆ ಆ ಒಂದು ನೆಟ್‌ವರ್ಕಿನವರನ್ನು ಒಳಗೆ ಬಿಡು, ಉಳಿದ ಯಾರನ್ನೂ ಬಿಡಬೇಡ. ಎರಡೂ ಫೈಲುಗಳ ಪರ್ಮಿಷನ್ ಸರಿಯಾಗಿದೆ. ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸೇವೆ (ಅದರ ಪ್ರೋಗ್ರಾಮಿನ ಹೆಸರು ಎಸ್‌ಎಸ್‌ಎಚ್‌ಡಿ) ತಕರಾರಿಲ್ಲದೆ ಶುರುವಾಗಿದೆ. ಲಾಗಿನಲ್ಲಿ ಒಂದು ಎಚ್ಚರಿಕೆಯ ಸಾಲೂ ಇಲ್ಲ. ಆದರೂ ಯಾವ ವಿಳಾಸದಿಂದ ಬಂದವರಿಗೂ ಲಾಗಿನ್ ಪ್ರಾಂಪ್ಟ್ ಸಿಗುತ್ತಿದೆ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಅಥವಾ ಸೆಂಟ್‌ಓಎಸ್ 7ರಿಂದ 8ಕ್ಕೋ 9ಕ್ಕೋ ಹೋದಾಗ ಆಗುವುದು ಇದೇ. 2019ರ ಮೇ ತಿಂಗಳಲ್ಲಿ ಬಂದ ಆವೃತ್ತಿ 8ರಲ್ಲಿ ಈ ಎರಡು ಫೈಲುಗಳನ್ನು ಓದಿ ಸಂಪರ್ಕ ಬಿಡುವ ಅಥವಾ ತಡೆಯುವ ಹಳೆಯ ವ್ಯವಸ್ಥೆಯಾದ ಟಿಸಿಪಿ ವ್ರ್ಯಾಪರ್ಸ್ ಬೆಂಬಲವನ್ನು ರೆಡ್ ಹ್ಯಾಟ್ ಪೂರ್ತಿ ತೆಗೆದುಹಾಕಿತು. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದದ್ದರಿಂದ, ವರ್ಷಗಟ್ಟಲೆ ಯಾರೂ ಮುಟ್ಟದ ಯಂತ್ರಗಳು ಈಗ ಒಂದೊಂದಾಗಿ ಹೊಸ ಆವೃತ್ತಿಗೆ ಬರುತ್ತಿವೆ. ಹೋಸ್ಟ್ಸ್.ಡಿನೈ ಮೇಲೆ ಭಾರ ಹಾಕಿ ಕೂತಿರುವುದೂ ಹೆಚ್ಚಾಗಿ ಇಂಥ ಯಂತ್ರಗಳೇ.

ತೆಗೆದದ್ದು ಸರಿಯಾದ ನಿರ್ಧಾರ. ತೆಗೆದ ರೀತಿ ಸರಿಯಿಲ್ಲ. ಭದ್ರತಾ ಸೌಲಭ್ಯವೊಂದನ್ನು ಕೈಬಿಡುವಾಗ ಅದರ ನಿಯಮಗಳ ಫೈಲನ್ನು ಹಾಗೇ ಉಳಿಸಿ, ಅದನ್ನು ಓದುವ ಕೋಡನ್ನಷ್ಟೇ ಸದ್ದಿಲ್ಲದೆ ಕಿತ್ತುಹಾಕಿದರೆ, ಆ ಫೈಲ್ ಸುಳ್ಳು ಹೇಳತೊಡಗುತ್ತದೆ. ಮುಂದಿನದೆಲ್ಲ ಆ ಸುಳ್ಳನ್ನು ಪತ್ತೆ ಹಚ್ಚುವುದು ಹೇಗೆ, ಅದರ ಜಾಗದಲ್ಲಿ ಏನಿಡಬೇಕು ಎಂಬುದರ ಬಗ್ಗೆ.

ಇದು ಕೆಲಸ ಮಾಡುತ್ತಿದ್ದ ಬಗೆ

ಟಿಸಿಪಿ ವ್ರ್ಯಾಪರನ್ನು 1990ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಟ್ಸೆ ವೆನೆಮಾ ಬರೆದರು. ಮುಂದೆ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ಬರೆದವರೂ ಇವರೇ. ವಿಶ್ವವಿದ್ಯಾಲಯದ ಯಂತ್ರಗಳಿಗೆ ನುಗ್ಗಿದವನೊಬ್ಬ ಫೈಲುಗಳನ್ನೆಲ್ಲ ಅಳಿಸಿ ಹೋಗುತ್ತಿದ್ದ. ಫಿಂಗರ್, ಟೆಲ್ನೆಟ್‌ನಂಥ ಸೇವೆಗಳಿಗೆ ಯಾರು ಎಲ್ಲಿಂದ ಬಂದರು ಎಂಬ ದಾಖಲೆ ಆಗಿನ ಯೂನಿಕ್ಸ್‌ನಲ್ಲಿ ಇರಲಿಲ್ಲ. ಸೇವೆಯ ಪ್ರೋಗ್ರಾಮನ್ನು ತಿದ್ದದೆ, ಅದರ ಮುಂದೆ ಒಂದು ಪುಟ್ಟ ಪ್ರೋಗ್ರಾಮನ್ನು ನಿಲ್ಲಿಸುವುದು ವೆನೆಮಾ ಕಂಡುಕೊಂಡ ದಾರಿ. ಸಂಪರ್ಕ ಬಂದಾಗ, ಸೇವೆಗಳನ್ನು ಎಬ್ಬಿಸುವ ಐನೆಟ್‌ಡಿ ಮೊದಲು ಆ ಪುಟ್ಟ ಪ್ರೋಗ್ರಾಮಾದ ಟಿಸಿಪಿಡಿಯನ್ನು ಕರೆಯುತ್ತದೆ; ಅದು ವಿಳಾಸವನ್ನು ಲಾಗಿಗೆ ಬರೆದು, ನಿಯಮ ನೋಡಿ, ಒಪ್ಪಿಗೆಯಾದರೆ ನಿಜವಾದ ಸೇವೆಯನ್ನು ಎಬ್ಬಿಸುತ್ತದೆ.

ಆಮೇಲೆ ಇದೇ ತರ್ಕ ಲಿಬ್‌ರ‍್ಯಾಪ್ ಎಂಬ ಲೈಬ್ರರಿಯಾಯಿತು. ಎಸ್‌ಎಸ್‌ಎಚ್‌ಡಿ, ಫೈಲ್ ವರ್ಗಾವಣೆಯ ವಿಎಸ್‌ಎಫ್‌ಟಿಪಿಡಿ, ಆರ್‌ಪಿಸಿಬೈಂಡ್ ಮುಂತಾದ ಸೇವೆಗಳು ಇದನ್ನು ತಮ್ಮೊಳಗೇ ಜೋಡಿಸಿಕೊಂಡವು. ಇಲ್ಲೇ ಒಂದು ಮುಖ್ಯ ಮಿತಿಯೂ ಇದೆ. ಈ ಲೈಬ್ರರಿಯನ್ನು ಜೋಡಿಸಿಕೊಂಡ ಪ್ರೋಗ್ರಾಮಿಗೆ ಮಾತ್ರ ಆ ಫೈಲುಗಳು ಅನ್ವಯ. ‘ಆಲ್: ಆಲ್’ ಎಂದು ಬರೆದರೂ ಅಪಾಚೆಗಾಗಲಿ ಎಂಜಿನ್‌ಎಕ್ಸ್‌ಗಾಗಲಿ ಅದರ ಪರಿವೆಯಿಲ್ಲ. ಇಡೀ ಯಂತ್ರಕ್ಕೆ ಬೇಲಿ ಹಾಕಿದ್ದೇವೆ ಎಂದುಕೊಂಡವರು ನಾಲ್ಕೈದು ಬಾಗಿಲಿಗಷ್ಟೇ ಚಿಲಕ ಹಾಕಿರುತ್ತಿದ್ದರು.

ನಿಯಮ ಓದುವ ಕ್ರಮ ಸರಳ. ಮೊದಲು ಹೋಸ್ಟ್ಸ್.ಅಲೌ, ಅಲ್ಲಿ ಹೊಂದುವ ಸಾಲು ಸಿಕ್ಕರೆ ಒಪ್ಪಿಗೆ, ಹುಡುಕಾಟ ಮುಗಿಯಿತು. ಸಿಗದಿದ್ದರೆ ಹೋಸ್ಟ್ಸ್.ಡಿನೈ, ಅಲ್ಲಿ ಹೊಂದಿದರೆ ನಿರಾಕರಣೆ. ಎರಡರಲ್ಲೂ ಇಲ್ಲದಿದ್ದರೆ ಒಪ್ಪಿಗೆ. ಫೈಲೇ ಇಲ್ಲದಿದ್ದರೂ ಒಪ್ಪಿಗೆ. ಏನಾದರೂ ತಪ್ಪಿದರೆ ಬಾಗಿಲು ತೆರೆದೇ ಇರಲಿ ಎಂಬ ಗುಣ ಈ ವ್ಯವಸ್ಥೆಗೆ ಹುಟ್ಟಿನಿಂದಲೇ ಬಂದದ್ದು. ಓದುವ ಕೋಡ್ ಮಾಯವಾದಾಗಲೂ ಫಲ ಅದೇ ಆಯಿತು.

ಯಾಕೆ ಕೈಬಿಟ್ಟರು

ಟಿಸಿಪಿ ವ್ರ್ಯಾಪರ್ಸ್‌ನ ಕೊನೆಯ ಮೂಲ ಆವೃತ್ತಿ 7.6. ಬಂದದ್ದು 1997ರಲ್ಲಿ. ಅಲ್ಲಿಂದೀಚೆಗೆ ಅದಕ್ಕೆ ಹೊಸ ಬಿಡುಗಡೆಯಿಲ್ಲ. ಐಪಿವಿ6 ಬೆಂಬಲದಿಂದ ಹಿಡಿದು ಬಗ್ ತಿದ್ದುಪಡಿಯ ತನಕ ಎಲ್ಲವನ್ನೂ ಪ್ರತಿ ಡಿಸ್ಟ್ರೋ (ರೆಡ್ ಹ್ಯಾಟ್, ಡೆಬಿಯನ್‌ನಂಥ ಲಿನಕ್ಸ್ ವಿತರಣೆ) ತನ್ನದೇ ಪ್ಯಾಚ್‌ಗಳಲ್ಲಿ ಹೊತ್ತುಕೊಂಡು ಬಂತು. ಹಾಗಾಗಿ ಒಂದೇ ಹೆಸರಿನ ಲೈಬ್ರರಿ ಒಂದೊಂದು ಡಿಸ್ಟ್ರೋದಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾಗಿಯೇ ಬೆಳೆಯಿತು.

ಆದರೆ ಹಳೆಯದು ಎಂಬುದಷ್ಟೇ ಕಾರಣವಲ್ಲ. ಈ ಕೋಡ್ ಓಡುತ್ತಿದ್ದ ಜಾಗ ಹೆಚ್ಚು ಮುಖ್ಯ. ಎಸ್‌ಎಸ್‌ಎಚ್‌ಡಿಯೊಳಗೆ ಲಿಬ್‌ರ‍್ಯಾಪ್ ಕೆಲಸ ಮಾಡುತ್ತಿದ್ದದ್ದು ಪಾಸ್‌ವರ್ಡ್ ಕೇಳುವುದಕ್ಕೂ ಮೊದಲು, ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಯಂತ್ರದ ಮೇಲಿನ ಪೂರ್ಣ ಅಧಿಕಾರದಲ್ಲಿ. ನಿಯಮದಲ್ಲಿ ಹೋಸ್ಟ್ ಹೆಸರಿದ್ದರೆ ಆ ಹಂತದಲ್ಲೇ ಡಿಎನ್‌ಎಸ್ ವಿಚಾರಣೆಗೆ ಹೋಗುತ್ತಿತ್ತು. ಅಂದರೆ ಗುರುತು ಪರಿಚಯವಿಲ್ಲದವನು ಸಂಪರ್ಕಿಸಿದ ಕೂಡಲೇ, ಅವನ ಹತೋಟಿಯಲ್ಲೇ ಇರಬಹುದಾದ ರಿವರ್ಸ್ ಡಿಎನ್‌ಎಸ್ (ವಿಳಾಸದಿಂದ ಹೆಸರು ಹುಡುಕುವುದು) ಉತ್ತರವನ್ನು ರೂಟ್ ಪ್ರೋಗ್ರಾಮೊಂದು ಬಿಡಿಸಿ ಓದಬೇಕಿತ್ತು. ಎಸ್‌ಎಸ್‌ಎಚ್‌ಡಿಯನ್ನು ಬರೆಯುವ ಓಪನ್‌ಎಸ್‌ಎಸ್‌ಎಚ್ ತಂಡ 2014ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ 6.7ರಲ್ಲಿ ಈ ಬೆಂಬಲವನ್ನು ತೆಗೆಯಿತು. ಅದಕ್ಕೂ ಮುಂಚೆ 2011ರಲ್ಲೇ ಆರ್ಚ್ ಲಿನಕ್ಸ್ ಕೈತೊಳೆದುಕೊಂಡಿತ್ತು. 2018ರಲ್ಲಿ ಫೆಡೋರಾ 28 ಬಿಟ್ಟಿತು, ಮರುವರ್ಷ ರೆಡ್ ಹ್ಯಾಟ್ 8.

ಡೆಬಿಯನ್ ಮತ್ತು ಉಬುಂಟು ಬೇರೆ ದಾರಿ ಹಿಡಿದವು. ಮೂಲ ತಂಡ ತೆಗೆದದ್ದನ್ನು ಒಂದು ಪ್ಯಾಚ್ ಮೂಲಕ ಮತ್ತೆ ಸೇರಿಸಿಕೊಂಡವು; ಡೆಬಿಯನ್ 12, ಉಬುಂಟು 24.04ರ ಎಸ್‌ಎಸ್‌ಎಚ್‌ಡಿಯಲ್ಲಿ ಲಿಬ್‌ರ‍್ಯಾಪ್ ಇದೆ. ಬಳಕೆದಾರರ ಬಾಗಿಲು ರಾತ್ರೋರಾತ್ರಿ ತೆರೆದುಕೊಳ್ಳಬಾರದೆಂಬ ಕಾಳಜಿ ಇದರ ಹಿಂದಿದೆ, ಅದನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಇದಕ್ಕೂ ಬೆಲೆಯಿದೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಬಯಲಿಗೆಳೆದ, ಫೈಲ್ ಕುಗ್ಗಿಸುವ ಸಾಫ್ಟ್‌ವೇರಾದ ಎಕ್ಸ್‌ಜೆಡ್‌ನ ಹಿಂಬಾಗಿಲನ್ನು ನೆನಪಿಸಿಕೊಳ್ಳಿ. ಎಕ್ಸ್‌ಜೆಡ್ 5.6.0 ಮತ್ತು 5.6.1ರಲ್ಲಿ ಅಡಗಿದ್ದ ಆ ಕೋಡ್ ಎಸ್‌ಎಸ್‌ಎಚ್‌ಡಿಯನ್ನು ತಲುಪುತ್ತಿದ್ದದ್ದು ಓಪನ್‌ಎಸ್‌ಎಸ್‌ಎಚ್ ಬರೆದ ಯಾವ ಸಾಲಿನಿಂದಲೂ ಅಲ್ಲ. ಸೇವೆ ಶುರುವಾಯಿತೆಂದು, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಗೆ ತಿಳಿಸಲು ಡಿಸ್ಟ್ರೋಗಳು ಸೇರಿಸಿದ ಪ್ಯಾಚ್ ಲಿಬ್‌ಸಿಸ್ಟಮ್‌ಡಿಯನ್ನು ಎಳೆದು ತಂದಿತು, ಅದು ಎಕ್ಸ್‌ಜೆಡ್‌ನ ಲೈಬ್ರರಿಯಾದ ಲಿಬ್‌ಎಲ್‌ಜೆಡ್‌ಎಂಎಯನ್ನು ತಂದಿತು. ಲಿಬ್‌ರ‍್ಯಾಪ್‌ಗೂ ಆ ಪ್ರಕರಣಕ್ಕೂ ನೇರ ಸಂಬಂಧವಿಲ್ಲ. ಆದರೆ ಇಂಟರ್‌ನೆಟ್ಟಿಗೆ ಮುಖ ಮಾಡಿ ನಿಂತ ರೂಟ್ ಪ್ರೋಗ್ರಾಮಿಗೆ ಹೊರಗಿನಿಂದ ಜೋಡಿಸುವ ಪ್ರತಿಯೊಂದು ಲೈಬ್ರರಿಯೂ ಇನ್ನೊಂದು ದಾರಿ ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿತು. ವ್ರ್ಯಾಪರ್ಸ್‌ಗೂ ಅಂಥ ಕೆಟ್ಟ ದಿನವೊಂದು ಬಂದಿತ್ತು. 1999ರ ಜನವರಿಯಲ್ಲಿ ಅದನ್ನು ವಿತರಿಸುತ್ತಿದ್ದ ಎಫ್‌ಟಿಪಿ ಸರ್ವರಿಗೆ ನುಗ್ಗಿದವರು ಮೂಲ ಕೋಡಿನ ಜಾಗದಲ್ಲಿ ಹಿಂಬಾಗಿಲಿದ್ದ ಪ್ರತಿ ಇಟ್ಟರು. 421ನೇ ಮೂಲ ಪೋರ್ಟಿನಿಂದ ಬಂದವರಿಗೆ ಅದು ರೂಟ್ ಅಧಿಕಾರ ಕೊಡುತ್ತಿತ್ತು.

ಇನ್ನೊಂದು ಕಾರಣ ಪ್ರತಿದಿನದ ಕೆಲಸಕ್ಕೆ ಸಂಬಂಧಿಸಿದ್ದು. 1990ರಲ್ಲಿ ಹೋಸ್ಟ್ ಯಂತ್ರದಲ್ಲೇ ಪ್ಯಾಕೆಟ್ ಸೋಸುವ ಫೈರ್‌ವಾಲ್ ಸಾಮಾನ್ಯವಾಗಿರಲಿಲ್ಲ. 2001ರಲ್ಲಿ ಲಿನಕ್ಸ್ ಕರ್ನಲ್ 2.4ರ ಜೊತೆ ಐಪಿಟೇಬಲ್ಸ್ ಬಂತು, 2014ರಲ್ಲಿ 3.13ರ ಜೊತೆ ಎನ್‌ಎಫ್‌ಟೇಬಲ್ಸ್. ಒಂದೇ ಪ್ರಶ್ನೆಗೆ ಎರಡು ಕಡೆ ನಿಯಮ ಬರೆದಾಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಫೈರ್‌ವಾಲ್ ತೆರೆದಿದ್ದರೂ ಸಂಪರ್ಕ ಯಾಕೆ ಮುರಿಯುತ್ತಿದೆ ಎಂದು ಹುಡುಕುತ್ತ ಅರ್ಧ ದಿನ ಕಳೆದ ಮೇಲೆ ಹೋಸ್ಟ್ಸ್.ಡಿನೈ ನೆನಪಾಗುವುದು ಅಡ್ಮಿನ್‌ಗಳಿಗೆ ಚೆನ್ನಾಗಿ ಗೊತ್ತು.

ಮೊದಲು ನಿಮ್ಮ ಯಂತ್ರದಲ್ಲಿ ಏನಿದೆ ನೋಡಿ

ಯಾವ ಡಿಸ್ಟ್ರೋ, ಯಾವ ಆವೃತ್ತಿ ಎಂದು ನೆನಪಿನಿಂದ ತೀರ್ಮಾನಿಸಬೇಡಿ. ಪ್ರೋಗ್ರಾಮನ್ನೇ ಕೇಳಿ. ಎಲ್‌ಡಿಡಿ ಕಮಾಂಡಿಗೆ ಎಸ್‌ಎಸ್‌ಎಚ್‌ಡಿಯ ಪೂರ್ತಿ ದಾರಿ ಕೊಟ್ಟು, ಬರುವ ಪಟ್ಟಿಯಲ್ಲಿ ಲಿಬ್‌ರ‍್ಯಾಪ್ ಇದೆಯೇ ನೋಡಿ. ಇದ್ದರೆ ಫೈಲುಗಳು ಲೆಕ್ಕಕ್ಕೆ ಬರುತ್ತವೆ, ಇಲ್ಲದಿದ್ದರೆ ಅವು ಬರೀ ಅಕ್ಷರ. ಒಂದು ಸೂಕ್ಷ್ಮವಿದೆ. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಎಸ್‌ಎಸ್‌ಎಚ್‌ಡಿಯನ್ನು ಎರಡಾಗಿ ಒಡೆದರು: ಪೋರ್ಟಿನಲ್ಲಿ ಕಾಯುವುದು ಎಸ್‌ಎಸ್‌ಎಚ್‌ಡಿ, ಪ್ರತಿ ಸಂಪರ್ಕವನ್ನು ನಿಭಾಯಿಸುವುದು ಎಸ್‌ಎಸ್‌ಎಚ್‌ಡಿ-ಸೆಷನ್. 9.8 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಎರಡನ್ನೂ ಪರೀಕ್ಷಿಸಿ. ಮೊದಲನೆಯದರಲ್ಲಿ ಲಿಬ್‌ರ‍್ಯಾಪ್ ಕಾಣದ ಮಾತ್ರಕ್ಕೆ ಬೆಂಬಲ ಹೋಯಿತೆಂದು ಹೇಳಲಾಗದು.

ಹಳೆಯ ಯಂತ್ರ ಇನ್ನೂ ಬದುಕಿರುವಾಗಲೇ ಎರಡೂ ಫೈಲುಗಳಲ್ಲಿ ಕಾಮೆಂಟ್ ಅಲ್ಲದ ಸಾಲುಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಪ್ರತಿ ಸಾಲಿನ ಎಡಗಡೆ ಇರುವುದು ಪೋರ್ಟ್ ಅಲ್ಲ, ಪ್ರೋಗ್ರಾಮಿನ ಹೆಸರು. ಫೈರ್‌ವಾಲಿಗೆ ಬೇಕಾದದ್ದು ಪೋರ್ಟ್. ಎಸ್‌ಎಸ್‌ಎಚ್‌ಡಿ ಎಂಬ ಒಂದು ಸಾಲು 22ರಲ್ಲೂ 2222ರಲ್ಲೂ ಕೂತ ಎರಡು ಪ್ರತಿಗಳನ್ನು ಕಾಯುತ್ತಿತ್ತು. ಫೈರ್‌ವಾಲಿನಲ್ಲಿ 22 ಮಾತ್ರ ಬರೆದರೆ ಇನ್ನೊಂದು ತೆರೆದೇ ಉಳಿಯುತ್ತದೆ. ಎಸ್‌ಎಸ್ ಕಮಾಂಡಿನಿಂದ ಯಾವ ಪ್ರೋಗ್ರಾಮ್ ಯಾವ ಪೋರ್ಟಿನಲ್ಲಿ ಕೇಳುತ್ತಿದೆ ಎಂದು ನೋಡಿ, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಹೊಂದಿಸಿ.

ಬಲಗಡೆಯ ವಿಳಾಸಗಳನ್ನು ಅನುವಾದಿಸುವಾಗ ಚುಕ್ಕೆಗಳ ಮೇಲೆ ಕಣ್ಣಿರಲಿ. ‘192.0.2.’ ಎಂದು ಕೊನೆಯಲ್ಲಿ ಚುಕ್ಕೆಯಿದ್ದರೆ ಅದು 192.0.2.0/24. ‘198.51.’ ಎಂದಿದ್ದರೆ 198.51.0.0/16, ಅಂದರೆ 65,536 ವಿಳಾಸಗಳು. ಒಂದು ಭಾಗ ಕಮ್ಮಿ ಬರೆದ ಹಳೆಯ ಸಾಲು ಎಷ್ಟು ದೊಡ್ಡ ಕಿಂಡಿಯಾಗಿತ್ತೆಂದು ಈ ಹೊತ್ತಿನಲ್ಲೇ ಎಷ್ಟೋ ಸಲ ಬೆಳಕಿಗೆ ಬರುವುದು. ಚುಕ್ಕೆ ಮುಂದಿದ್ದರೆ, ಉದಾಹರಣೆಗೆ ‘.ಎಕ್ಸಾಂಪಲ್.ಕಾಮ್’, ಅದು ಡೊಮೈನ್ ಹೆಸರು. ಅದಕ್ಕೆ ಫೈರ್‌ವಾಲಿನಲ್ಲಿ ನೇರ ಸಮಾನವಿಲ್ಲ. ಆ ಡೊಮೈನಿನ ಯಂತ್ರಗಳು ನಿಜವಾಗಿ ಯಾವ ವಿಳಾಸಗಳಿಂದ ಬರುತ್ತಿವೆ ಎಂದು ಹಳೆಯ ಲಾಗಿನಿಂದ ತೆಗೆದು, ನೆಟ್‌ವರ್ಕ್ ವ್ಯಾಪ್ತಿಯಾಗಿ ಬರೆಯಬೇಕು. ‘ಪ್ಯಾರನಾಯ್ಡ್’, ‘ಅನ್‌ನೋನ್’ ಎಂಬ ಪದಗಳಿದ್ದ ಸಾಲುಗಳನ್ನು ಬಿಟ್ಟುಬಿಡಿ. ಅವು ರಿವರ್ಸ್ ಡಿಎನ್‌ಎಸ್ ಹೊಂದದವರನ್ನು ತಡೆಯುತ್ತಿದ್ದವು. ವಿಳಾಸದ ಪಟ್ಟಿ ಇದ್ದ ಮೇಲೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ‘ಎಕ್ಸೆಪ್ಟ್’ ಇರುವ ಸಾಲು ಬಂದರೆ ಫೈರ್‌ವಾಲಿನಲ್ಲಿ ಆ ಹೊರಗಿಟ್ಟ ವಿಳಾಸದ ನಿರಾಕರಣೆ ಮೊದಲು ಬರಬೇಕು, ಒಪ್ಪಿಗೆ ನಂತರ.

‘ಸ್ಪಾನ್’ ಅಥವಾ ‘ಟ್ವಿಸ್ಟ್’ ಕಂಡರೆ ನಿಲ್ಲಿ. ಸಂಪರ್ಕ ಬಂದಾಗ ಒಂದು ಕಮಾಂಡ್ ಓಡಿಸು ಎಂಬ ಸೂಚನೆ ಅದು. ಮೇಲ್ ಕಳಿಸುವ, ಲಾಗ್ ಬರೆಯುವ ಸ್ಕ್ರಿಪ್ಟ್ ಅಲ್ಲಿಂದ ಹೊರಟಿರಬಹುದು. ಆ ಕೆಲಸವನ್ನು ಇನ್ನು ಮುಂದೆ ಲಾಗ್ ನೋಡುವ ಉಪಕರಣಕ್ಕೆ ವಹಿಸಬೇಕು.

ರೆಡ್ ಹ್ಯಾಟ್ ಆವೃತ್ತಿ 7ರಿಂದ 8ಕ್ಕೆ ಲೀಪ್ ಎಂಬ ಅಪ್‌ಗ್ರೇಡ್ ಉಪಕರಣದ ಮೂಲಕ ಹೋಗುವವರಿಗೆ ಇದರ ಬಗ್ಗೆ ಮುಂಚಿತ ತಪಾಸಣೆ ಸಿಗುತ್ತದೆ. ಆದರೆ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಹಳೆಯ ಕಾನ್ಫಿಗ್ ಫೈಲುಗಳನ್ನು ಆನ್ಸಿಬಲ್ ಅಥವಾ ಇನ್ನಾವುದೋ ಸ್ಕ್ರಿಪ್ಟಿನಿಂದ ಹಾಕುವವರನ್ನು ತಡೆಯುವವರು ಯಾರೂ ಇಲ್ಲ. ಬಹುತೇಕ ವಲಸೆಗಳು ನಡೆಯುವುದೇ ಹೀಗೆ.

ಎರಡು ಬಗೆಯ ಸೋಲು

ಇಲ್ಲೊಂದು ಹೋಲಿಕೆ ನೋಡಬೇಕು. ಸೆಂಟ್‌ಓಎಸ್ 7ರ ವಿಎಸ್‌ಎಫ್‌ಟಿಪಿಡಿ ಕಾನ್ಫಿಗ್ ಫೈಲಿನ ಕೊನೆಯಲ್ಲಿ ‘ಟಿಸಿಪಿ_ವ್ರ್ಯಾಪರ್ಸ್=ಯೆಸ್’ ಎಂಬ ಸಾಲಿರುತ್ತಿತ್ತು. ಅದೇ ಫೈಲನ್ನು ಬೆಂಬಲವಿಲ್ಲದ ಹೊಸ ವಿಎಸ್‌ಎಫ್‌ಟಿಪಿಡಿಗೆ ಕೊಟ್ಟರೆ, ಸಂಪರ್ಕಿಸಿದವರಿಗೆ ‘500 ಊಪ್ಸ್’ ಎಂಬ ಉತ್ತರ ಬರುತ್ತದೆ. ವ್ರ್ಯಾಪರ್ಸ್ ಬೇಕೆಂದು ಬರೆದಿದ್ದೀರಿ, ಆದರೆ ಆ ಬೆಂಬಲವನ್ನು ನನ್ನಲ್ಲಿ ಸೇರಿಸಿಲ್ಲ ಎಂದು ಪ್ರೋಗ್ರಾಮ್ ಬಾಯಿಬಿಟ್ಟು ಹೇಳಿ ನಿಂತುಹೋಗುತ್ತದೆ. ಕಿರಿಕಿರಿ ನಿಜ. ಆದರೆ ಐದು ನಿಮಿಷದಲ್ಲಿ ಸಮಸ್ಯೆ ಎಲ್ಲಿದೆ ಎಂದು ತಿಳಿಯುತ್ತದೆ, ಅಷ್ಟರವರೆಗೆ ಯಾರೂ ಒಳಗೆ ಬರುವುದಿಲ್ಲ.

ಎಸ್‌ಎಸ್‌ಎಚ್‌ಡಿಯಲ್ಲಿ ಹೀಗಾಗಲಿಲ್ಲ, ಯಾಕೆಂದರೆ ಅದರ ಸ್ವಂತ ಕಾನ್ಫಿಗ್ ಫೈಲಿನಲ್ಲಿ ವ್ರ್ಯಾಪರ್ಸ್ ಎಂಬ ಆಯ್ಕೆಯೇ ಇರಲಿಲ್ಲ. ಬೆಂಬಲ ಬೇಕೋ ಬೇಡವೋ ಎಂಬುದು ಕಂಪೈಲ್ ಮಾಡುವಾಗಲೇ ನಿರ್ಧಾರವಾಗುತ್ತಿತ್ತು. ದೂರು ಹೇಳಲು ಅದಕ್ಕೆ ಒಂದು ಸಾಲೂ ಸಿಗಲಿಲ್ಲ. ಹೋಸ್ಟ್ಸ್.ಡಿನೈನಲ್ಲಿ ಎಸ್‌ಎಸ್‌ಎಚ್‌ಡಿಯ ಹೆಸರಿದ್ದರೆ ಸೇವೆ ಶುರುವಾಗುವಾಗ ಲಾಗಿಗೆ ಒಂದು ಎಚ್ಚರಿಕೆ ಬರೆಯುವ ಚಿಕ್ಕ ಸ್ಕ್ರಿಪ್ಟನ್ನು ಡಿಸ್ಟ್ರೋಗಳು ಪ್ಯಾಕೇಜಿನಲ್ಲೇ ಇಡಬಹುದಿತ್ತು, ಇಡಬೇಕಿತ್ತು. ಬಿಡುಗಡೆ ಟಿಪ್ಪಣಿಯಲ್ಲಿ ಒಂದು ಪ್ಯಾರಾ ಬರೆದರೆ ಕರ್ತವ್ಯ ಮುಗಿಯುವ ವಿಷಯ ಇದಲ್ಲ.

ಇದೇ ಮೌನದ ಇನ್ನೊಂದು ಬಲಿ ಡಿನೈಹೋಸ್ಟ್ಸ್. ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕಿದವರ ವಿಳಾಸವನ್ನು ಹೋಸ್ಟ್ಸ್.ಡಿನೈಗೆ ಬರೆಯುವುದೇ ಅದರ ಕೆಲಸ. ಅಂಥದೇ ಉಪಕರಣ ಫೇಲ್2ಬ್ಯಾನ್‌ನಲ್ಲೂ ಹಾಗೆ ಬರೆಯುವ ಒಂದು ಆಯ್ಕೆಯಿದೆ. ಹೊಸ ಯಂತ್ರದಲ್ಲೂ ಇವು ನಿಷ್ಠೆಯಿಂದ ಬರೆಯುತ್ತಲೇ ಇರುತ್ತವೆ. ಇಂಥ ವಿಳಾಸವನ್ನು ತಡೆಯಲಾಗಿದೆ ಎಂದು ಅವುಗಳ ಲಾಗ್ ಹೇಳುತ್ತದೆ, ಮರುಕ್ಷಣವೇ ಎಸ್‌ಎಸ್‌ಎಚ್ ಲಾಗಿನಲ್ಲಿ ಅದೇ ವಿಳಾಸದಿಂದ ಮತ್ತೊಂದು ಪ್ರಯತ್ನ ಕಾಣುತ್ತದೆ. ಈ ಎರಡು ಲಾಗುಗಳನ್ನು ಸಮಯದ ಪ್ರಕಾರ ಜೋಡಿಸಿ ಓದಿದರೆ ಸಾಕು, ನಿಯಮ ಸತ್ತಿದೆ ಎಂದು ಬೇರೆ ಸಾಕ್ಷಿ ಬೇಡ. ಫೇಲ್2ಬ್ಯಾನ್ ಬಳಸುವವರು ಅದರ ಬ್ಯಾನ್ ಕ್ರಮವನ್ನು ಎನ್‌ಎಫ್‌ಟೇಬಲ್ಸ್ ಅಥವಾ ಫೈರ್‌ವಾಲ್‌ಡಿಗೆ ಬದಲಿಸಬೇಕು.

ಫೈರ್‌ವಾಲ್‌ಡಿಯಲ್ಲಿ ಬರೆಯುವಾಗ

ರೆಡ್ ಹ್ಯಾಟ್ ಕುಟುಂಬದಲ್ಲಿ ವ್ರ್ಯಾಪರ್ಸ್‌ನ ಜಾಗಕ್ಕೆ, ಫೈರ್‌ವಾಲ್ ನಿಯಮಗಳನ್ನು ನಿಭಾಯಿಸುವ ಫೈರ್‌ವಾಲ್‌ಡಿ ಸಹಜ ಆಯ್ಕೆ. ಇಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಹೀಗಿದೆ. 192.0.2.0/24ಕ್ಕೆ ಎಸ್‌ಎಸ್‌ಎಚ್ ಒಪ್ಪಿಗೆ ಕೊಡುವ ರಿಚ್ ರೂಲ್ (ವಿಳಾಸ, ಸೇವೆ ಎರಡನ್ನೂ ಹೆಸರಿಸುವ ನಿಯಮ) ಸೇರಿಸುತ್ತಾರೆ, ಆ ನೆಟ್‌ವರ್ಕಿನಿಂದ ಲಾಗಿನ್ ಆಗಿ ನೋಡುತ್ತಾರೆ, ಆಯಿತು ಎಂದು ಎದ್ದು ಹೋಗುತ್ತಾರೆ. ಆದರೆ ಪಬ್ಲಿಕ್ ಝೋನಿನಲ್ಲಿ (ಝೋನ್ ಎಂದರೆ ಫೈರ್‌ವಾಲ್‌ಡಿಯ ನಿಯಮಗಳ ಗುಂಪು) ಎಸ್‌ಎಸ್‌ಎಚ್ ಸೇವೆ ಮೊದಲಿನಿಂದಲೇ ಎಲ್ಲರಿಗೂ ತೆರೆದಿರುತ್ತದೆ. ತೆರೆದ ಬಾಗಿಲಿನ ಪಕ್ಕ ಇನ್ನೊಂದು ಬಾಗಿಲು ಇಟ್ಟಂತಾಯಿತೇ ಹೊರತು ಏನೂ ಮುಚ್ಚಲಿಲ್ಲ. ಪಬ್ಲಿಕ್ ಝೋನಿನಿಂದ ಎಸ್‌ಎಸ್‌ಎಚ್ ಸೇವೆಯನ್ನು ತೆಗೆಯುವ ಎರಡನೇ ಹೆಜ್ಜೆ ಇಟ್ಟಾಗಲೇ ನಿಯಮಕ್ಕೆ ಅರ್ಥ.

ಎರಡನೇ ಬಲೆ ಝೋನುಗಳದ್ದು. ಅಡ್ಮಿನ್‌ಗಳ ನೆಟ್‌ವರ್ಕನ್ನು ‘ವರ್ಕ್’ ಝೋನಿನ ಸೋರ್ಸ್ ಆಗಿ ಸೇರಿಸುವುದು ನೋಡಲು ಅಚ್ಚುಕಟ್ಟು, ಆ ಝೋನಿನಲ್ಲಿ ಎಸ್‌ಎಸ್‌ಎಚ್ ಮೊದಲೇ ಇರುತ್ತದೆ. ಆದರೆ ಫೈರ್‌ವಾಲ್‌ಡಿ ಸೋರ್ಸ್ ಝೋನನ್ನು ಇಂಟರ್‌ಫೇಸ್ ಝೋನಿಗಿಂತ ಮೊದಲು ನೋಡುತ್ತದೆ. ಪ್ಯಾಕೆಟ್ ಒಮ್ಮೆ ಆ ಝೋನಿಗೆ ಬಿದ್ದರೆ ಅಲ್ಲೇ ತೀರ್ಮಾನ. ಅದೇ ಯಂತ್ರದಲ್ಲಿ ವೆಬ್ ಸರ್ವರ್ ಇದ್ದು, ಎಚ್‌ಟಿಟಿಪಿ ಪಬ್ಲಿಕ್ ಝೋನಿನಲ್ಲಿ ಮಾತ್ರ ತೆರೆದಿದ್ದರೆ, ಊರಿಗೆಲ್ಲ ಕಾಣುವ ವೆಬ್‌ಸೈಟ್ ಅಡ್ಮಿನ್‌ಗಳಿಗೆ ಮಾತ್ರ ಕಾಣುವುದಿಲ್ಲ. ಹಿಂದೆ ಪ್ಯಾಕೆಟ್ ಒಂದು ಝೋನಿನಿಂದ ಇನ್ನೊಂದಕ್ಕೆ ಜಾರಲು ‘ಅಲೌ ಝೋನ್ ಡ್ರಿಫ್ಟಿಂಗ್’ ಎಂಬ ಸಡಿಲಿಕೆ ಇತ್ತು, ಫೈರ್‌ವಾಲ್‌ಡಿ 1.0ರಿಂದ ಅದೂ ಇಲ್ಲ. ಬೇರೆ ಸೇವೆಗಳೂ ಇರುವ ಯಂತ್ರದಲ್ಲಿ ಪಬ್ಲಿಕ್ ಝೋನಿನೊಳಗೇ ರಿಚ್ ರೂಲ್ ಬರೆಯುವುದು ಮೇಲು.

ದೂರದ ಯಂತ್ರದಲ್ಲಿ ಈ ಕೆಲಸ ಮಾಡುವಾಗ ನಿಮ್ಮ ಬಾಗಿಲನ್ನು ನೀವೇ ಮುಚ್ಚಿಕೊಳ್ಳುವ ಅಪಾಯ ನಿಜವಾದದ್ದು. ಹೀಗೆ ಮಾಡಿ. ಮೊದಲು ಸಿಸ್ಟಮ್‌ಡಿ-ರನ್ ಕಮಾಂಡಿನಿಂದ, 10 ನಿಮಿಷದ ನಂತರ ಫೈರ್‌ವಾಲ್-ಸಿಎಂಡಿಯ ರೀಲೋಡ್ ಓಡುವಂತೆ ಟೈಮರ್ ಇಡಿ. ಆಮೇಲೆ ‘ಪರ್ಮನೆಂಟ್’ ಎಂಬ ಆಯ್ಕೆ ಇಲ್ಲದೆ ಎರಡೂ ಬದಲಾವಣೆ ಮಾಡಿ: ರಿಚ್ ರೂಲ್ ಸೇರಿಸುವುದು, ಪಬ್ಲಿಕ್‌ನಿಂದ ಎಸ್‌ಎಸ್‌ಎಚ್ ತೆಗೆಯುವುದು. ಇವು ಮೆಮೊರಿಯಲ್ಲಿ ಮಾತ್ರ ಇರುವ ನಿಯಮಗಳು. ಸಂಪರ್ಕ ಕೈತಪ್ಪಿದರೆ 10 ನಿಮಿಷ ಕಾಯಿರಿ, ರೀಲೋಡ್ ಆಗಿ ಹಳೆಯ ಸ್ಥಿತಿ ಮರಳುತ್ತದೆ. ಎಲ್ಲ ಸರಿಯಿದ್ದರೆ ಟೈಮರ್ ನಿಲ್ಲಿಸಿ, ‘ರನ್‌ಟೈಮ್-ಟು-ಪರ್ಮನೆಂಟ್’ ಆಯ್ಕೆಯಿಂದ ಉಳಿಸಿ. ಟೈಮರ್ ನಿಲ್ಲಿಸುವುದು ಮೊದಲು, ಉಳಿಸುವುದು ನಂತರ. ಉಳಿಸದೆ ಬಿಟ್ಟರೆ ಮುಂದಿನ ರೀಬೂಟಿನಲ್ಲಿ ಎಲ್ಲ ಮತ್ತೆ ತೆರೆದುಕೊಳ್ಳುತ್ತದೆ, ಅದನ್ನೂ ಯಾರೂ ನಿಮಗೆ ಹೇಳುವುದಿಲ್ಲ.

ಈಗ ಲಾಗಿನ್ ಆಗಿರುವ ಸೆಷನ್ ಮುರಿಯಲಿಲ್ಲವೆಂದು ನಂಬಿ ಕೂರಬೇಡಿ. ಸ್ಥಾಪಿತವಾದ ಸಂಪರ್ಕಗಳನ್ನು ಫೈರ್‌ವಾಲ್ ಹಾಗೇ ಬಿಡುತ್ತದೆ. ಆ ಸೆಷನ್ ತೆರೆದಿಟ್ಟುಕೊಂಡೇ, ಇನ್ನೊಂದು ಟರ್ಮಿನಲ್ಲಿನಿಂದ ಹೊಸ ಸಂಪರ್ಕ ಮಾಡಿ ನೋಡಬೇಕು.

ನೇರವಾಗಿ ಎನ್‌ಎಫ್‌ಟೇಬಲ್ಸ್ ಬರೆಯುವವರು ‘ಐನೆಟ್’ ಕುಟುಂಬದ ಟೇಬಲ್ ಬಳಸಿ. ಐಪಿವಿ4, ಐಪಿವಿ6 ಎರಡೂ ಒಂದೇ ಕಡೆ ಬರುತ್ತವೆ. ಹೋಸ್ಟ್ಸ್.ಡಿನೈನ ‘ಆಲ್’ ಎರಡನ್ನೂ ತಡೆಯುತ್ತಿತ್ತು. ಐಪಿಟೇಬಲ್ಸ್‌ನಲ್ಲಿ ಐಪಿವಿ4ಕ್ಕೆ ಮಾತ್ರ ಬರೆದು, ಐಪಿವಿ6ರ ಬೇರೆ ಟೇಬಲ್ಲನ್ನು ಮರೆತರೆ ಅರ್ಧ ಇಂಟರ್‌ನೆಟ್ಟಿಗೆ ಬಾಗಿಲು ತೆರೆದಿರುತ್ತದೆ. ಇನ್‌ಪುಟ್ ಚೈನಿನ ಪಾಲಿಸಿ ‘ಡ್ರಾಪ್’ ಮಾಡುವುದಾದರೆ ಲೂಪ್‌ಬ್ಯಾಕ್, ಸ್ಥಾಪಿತ ಸಂಪರ್ಕ ಮತ್ತು ಐಸಿಎಂಪಿವಿ6 ಈ ಮೂರಕ್ಕೆ ಮೊದಲು ಒಪ್ಪಿಗೆ ಕೊಡಿ. ಕೊನೆಯದನ್ನು ಬಿಟ್ಟರೆ ಪಕ್ಕದ ಯಂತ್ರ ಹುಡುಕುವ ನೆರೆಹೊರೆ ಸಂದೇಶಗಳೇ ನಿಂತು, ಕೆಲವು ನಿಮಿಷಗಳಲ್ಲಿ ಐಪಿವಿ6 ಸಂಪರ್ಕ ಸಾಯುತ್ತದೆ. ಫೈಲನ್ನು ಲೋಡ್ ಮಾಡುವ ಮೊದಲು ಎನ್‌ಎಫ್‌ಟಿಯ ‘ಚೆಕ್’ ಆಯ್ಕೆಯಿಂದ ತಪಾಸಣೆ ಮಾಡಿಕೊಳ್ಳಿ.

ಎರಡನೇ ಪದರ ಬೇಕೆನ್ನುವವರಿಗೆ

ವ್ರ್ಯಾಪರ್ಸ್ ಉಳಿಯಬೇಕೆಂದು ವಾದಿಸುವವರ ಒಂದು ಮಾತಿಗೆ ತೂಕವಿದೆ. ಯಾರೋ ಪರೀಕ್ಷೆಗೆಂದು ಫೈರ್‌ವಾಲ್ ನಿಲ್ಲಿಸಿ ಮರೆತರೆ, ಹಿಂದೆ ಇನ್ನೊಂದು ಪದರ ಇರಲಿ ಎಂಬ ಆಸೆ ನ್ಯಾಯವಾದದ್ದೇ. ಅದಕ್ಕೆ ಇವತ್ತು ಎಸ್‌ಎಸ್‌ಎಚ್‌ಡಿಯೇ ಸಾಕು.

ಕಾನ್ಫಿಗ್ ಫೈಲಿನ ಕೊನೆಯಲ್ಲಿ ‘ಮ್ಯಾಚ್ ಅಡ್ರೆಸ್ *,!192.0.2.0/24’ ಎಂಬ ಬ್ಲಾಕ್ ಬರೆದು, ಅದರೊಳಗೆ ‘ಡಿನೈಯೂಸರ್ಸ್ *’ ಹಾಕಿ. ಮೊದಲಿನ ನಕ್ಷತ್ರ ಚಿಹ್ನೆಯನ್ನು ಬಿಡುವಂತಿಲ್ಲ. ಬರೀ ನಿರಾಕರಣೆಯ ಗುರುತಿರುವ ಪಟ್ಟಿ ಯಾರಿಗೂ ಹೊಂದುವುದಿಲ್ಲ, ಬ್ಲಾಕ್ ಇದ್ದೂ ಇಲ್ಲದಂತಾಗುತ್ತದೆ. 2024ರಲ್ಲೇ ಬಂದ ಓಪನ್‌ಎಸ್‌ಎಸ್‌ಎಚ್ 9.9 ಅಥವಾ ಅದರ ಮುಂದಿನದು ನಿಮ್ಮಲ್ಲಿದ್ದರೆ ‘ರೆಫ್ಯೂಸ್‌ಕನೆಕ್ಷನ್ ಯೆಸ್’ ಬರೆಯಿರಿ; ದೃಢೀಕರಣದ ಮೊದಲ ಕೋರಿಕೆಗೇ ಸಂಪರ್ಕ ಕಡಿದುಹೋಗುತ್ತದೆ. ‘ಅಲೌಯೂಸರ್ಸ್’ ಬಳಸುವವರು ಒಂದು ವಿಷಯ ನೆನಪಿಡಿ: ಆ ಸಾಲು ಬಂತೆಂದರೆ ಅದರಲ್ಲಿ ಹೆಸರಿಲ್ಲದ ಎಲ್ಲ ಬಳಕೆದಾರರೂ ಹೊರಗೆ, ಬ್ಯಾಕಪ್ ಓಡಿಸುವ ಖಾತೆಯೂ ಸೇರಿ.

ಹಳೆಯ ನಿಯಮದಲ್ಲಿದ್ದ ಹೋಸ್ಟ್ ಹೆಸರನ್ನು ಇಲ್ಲಿ ‘ಮ್ಯಾಚ್ ಹೋಸ್ಟ್’ ಎಂದು ಬರೆದರೆ ಅದೂ ಸದ್ದಿಲ್ಲದೆ ವಿಫಲವಾಗುತ್ತದೆ. 2015ರ ಓಪನ್‌ಎಸ್‌ಎಸ್‌ಎಚ್ 6.8ರಿಂದ ‘ಯೂಸ್‌ಡಿಎನ್‌ಎಸ್’ ತಾನಾಗಿ ಆಫ್ ಇರುತ್ತದೆ, ಹಾಗಿರುವಾಗ ವಿಳಾಸಗಳನ್ನಷ್ಟೇ ಹೋಲಿಸಲಾಗುತ್ತದೆ. ಬರೆದ ನಿಯಮ ನಿಜವಾಗಿ ಏನು ಹೇಳುತ್ತದೆ ಎಂದು ನೋಡಲು ಎಸ್‌ಎಸ್‌ಎಚ್‌ಡಿಗೆ ದೊಡ್ಡ ‘ಟಿ’ ಆಯ್ಕೆಯ ಜೊತೆ ದೊಡ್ಡ ‘ಸಿ’ ಆಯ್ಕೆಯಲ್ಲಿ ಯೂಸರ್, ಹೋಸ್ಟ್, ಅಡ್ರೆಸ್ ಮೂರನ್ನೂ ಕೊಡಿ. ಆ ವಿಳಾಸದಿಂದ ಬಂದವನಿಗೆ ಅನ್ವಯವಾಗುವ ಪೂರ್ತಿ ಕಾನ್ಫಿಗ್ ಪರದೆಗೆ ಬರುತ್ತದೆ. ವ್ರ್ಯಾಪರ್ಸ್ ಕಾಲದಲ್ಲಿ ಟಿಸಿಪಿಡಿಮ್ಯಾಚ್ ಮಾಡುತ್ತಿದ್ದ ಕೆಲಸ ಇದೇ. ಪಟ್ಟಿಯಲ್ಲಿರುವ ಒಂದು ವಿಳಾಸ, ಇಲ್ಲದ ಒಂದು ವಿಳಾಸ, ಎರಡಕ್ಕೂ ಓಡಿಸಿ ಹೋಲಿಸಿ.

ಪಾಸ್‌ವರ್ಡ್ ಊಹಿಸುವವರ ಕಾಟಕ್ಕೆ 9.8ರಿಂದ ‘ಪರ್‌ಸೋರ್ಸ್‌ಪೆನಾಲ್ಟೀಸ್’ ಇದೆ, ತಾನಾಗಿಯೇ ಆನ್ ಇರುತ್ತದೆ. ಡಿನೈಹೋಸ್ಟ್ಸ್ ಮಾಡುತ್ತಿದ್ದುದರ ಬಹುಪಾಲನ್ನು ಇದು ಹೊರಗಿನ ಸ್ಕ್ರಿಪ್ಟ್ ಇಲ್ಲದೆ ಮಾಡುತ್ತದೆ. ಒಂದೇ ವಿಳಾಸದ ಹಿಂದೆ ಹಲವರು ಕೂತಿರುವ ಕಡೆ ಆ ವಿಳಾಸವನ್ನು ವಿನಾಯಿತಿ ಪಟ್ಟಿಗೆ ಸೇರಿಸದಿದ್ದರೆ ಒಬ್ಬರ ತಪ್ಪಿಗೆ ಎಲ್ಲರಿಗೂ ದಂಡ.

ಸಿಸ್ಟಮ್‌ಡಿ 235ರಿಂದ ಇರುವ ‘ಐಪಿಅಡ್ರೆಸ್‌ಡಿನೈ’, ‘ಐಪಿಅಡ್ರೆಸ್‌ಅಲೌ’ ಸಾಲುಗಳು ವ್ರ್ಯಾಪರ್ಸ್‌ಗೆ ನೋಟದಲ್ಲಿ ತೀರಾ ಹತ್ತಿರ. ಸೇವೆಯ ಹೆಸರಿಗೇ ನಿಯಮ ಅಂಟುತ್ತದೆ, ಪೋರ್ಟ್ ಯೋಚನೆ ಬೇಡ. ಆದರೆ ಇವು ಒಳಬರುವ ಪ್ಯಾಕೆಟ್ಟನ್ನಷ್ಟೇ ಅಲ್ಲ, ಹೊರಹೋಗುವುದನ್ನೂ ತಡೆಯುತ್ತವೆ. ಬಳಕೆದಾರರ ಖಾತೆಗಳು ಎಲ್‌ಡ್ಯಾಪ್ ಸರ್ವರಿನಲ್ಲಿದ್ದು ಅದರ ವಿಳಾಸವನ್ನು ಒಪ್ಪಿಗೆ ಪಟ್ಟಿಗೆ ಹಾಕದಿದ್ದರೆ, ಎಸ್‌ಎಸ್‌ಎಚ್‌ಡಿ ಆ ಸರ್ವರನ್ನು ಕೇಳಲಾಗದೆ ಸರಿಯಾದ ಪಾಸ್‌ವರ್ಡನ್ನೂ ತಿರಸ್ಕರಿಸಬಹುದು. ಲೋಕಲ್‌ಹೋಸ್ಟ್, ಡಿಎನ್‌ಎಸ್ ಸರ್ವರುಗಳೂ ಪಟ್ಟಿಯಲ್ಲಿರಲಿ. ಇನ್ನೊಂದು ಮಾತು: ಉಬುಂಟು 22.10ರಿಂದ ಎಸ್‌ಎಸ್‌ಎಚ್ ಸಾಕೆಟ್ ಮೂಲಕ ಎಚ್ಚರಗೊಳ್ಳುತ್ತದೆ. ಸೇವೆಯ ಯೂನಿಟ್ಟಿನಲ್ಲಿ ಬರೆದ ನಿಯಮ ಸಾಕೆಟ್ ಯೂನಿಟ್ ತೆರೆದ ಸಾಕೆಟ್ಟಿಗೆ ತಾಗುವುದಿಲ್ಲ. ಎರಡೂ ಯೂನಿಟ್ಟುಗಳಲ್ಲಿ ಬರೆಯಬೇಕು.

ಎನ್‌ಎಫ್‌ಎಸ್ ಮೂಲಕ ನೆಟ್‌ವರ್ಕಿನಲ್ಲಿ ಫೈಲುಗಳನ್ನು ಹಂಚುವ ಯಂತ್ರಗಳಲ್ಲಿ ಆರ್‌ಪಿಸಿಬೈಂಡ್ ಮತ್ತು ಮೌಂಟ್‌ಡಿಗೆ ಹೋಸ್ಟ್ಸ್.ಡಿನೈ ಸಾಲುಗಳಿರುವುದು ಸಾಮಾನ್ಯ. ಸಾಧ್ಯವಿದ್ದರೆ ಎನ್‌ಎಫ್‌ಎಸ್ ಆವೃತ್ತಿ 3ನ್ನು ನಿಲ್ಲಿಸಿ, 4ನ್ನು ಮಾತ್ರ ಉಳಿಸಿ. ಆಗ ಹೊರಗೆ ಬೇಕಾಗುವುದು 2049ನೇ ಪೋರ್ಟ್ ಒಂದೇ, 111ನ್ನು ಪೂರ್ತಿ ಮುಚ್ಚಬಹುದು.

ಮುಚ್ಚಿದೆಯೇ ಎಂದು ಹೊರಗಿನಿಂದ ನೋಡಿ

ಒಳಗಿನವರಿಗೆ ಬಾಗಿಲು ತೆರೆಯುತ್ತದೆಯೇ ಎಂಬ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ. ತೆರೆಯದಿದ್ದರೆ ಯಾರಾದರೂ ಕೂಗಿಯೇ ಕೂಗುತ್ತಾರೆ. ಹೊರಗಿನವರಿಗೆ ಮುಚ್ಚಿದೆಯೇ ಎಂದು ನೋಡುವವರು ಕಮ್ಮಿ. ಪಟ್ಟಿಯಲ್ಲಿಲ್ಲದ ಒಂದು ವಿಳಾಸದಿಂದ, ಉದಾಹರಣೆಗೆ ಬೇರೆ ನೆಟ್‌ವರ್ಕಿನಲ್ಲಿರುವ ಯಂತ್ರ ಅಥವಾ ಮೊಬೈಲ್ ಡೇಟಾದಿಂದ, ಎನ್‌ಸಿ ಕಮಾಂಡಿನಲ್ಲಿ ಸರ್ವರಿನ 22ನೇ ಪೋರ್ಟಿಗೆ ಸಂಪರ್ಕಿಸಿ, ಏನು ಬರುತ್ತದೆ ಎಂದು ಗಮನವಿಟ್ಟು ನೋಡಿ. ಐಪಿವಿ4, ಐಪಿವಿ6 ಎರಡಕ್ಕೂ ಬೇರೆ ಬೇರೆಯಾಗಿ.

ಉತ್ತರವೇ ಇಲ್ಲದೆ ಸಮಯ ಮೀರಿದರೆ ಫೈರ್‌ವಾಲ್ ಡ್ರಾಪ್ ಮಾಡುತ್ತಿದೆ. ತಕ್ಷಣ ‘ರೆಫ್ಯೂಸ್ಡ್’ ಅಥವಾ ಹೋಸ್ಟಿಗೆ ದಾರಿಯಿಲ್ಲವೆಂಬ ಸಂದೇಶ ಬಂದರೆ ರಿಜೆಕ್ಟ್ ಮಾಡುತ್ತಿದೆ, ಇಲ್ಲವೇ ಆ ಪೋರ್ಟಿನಲ್ಲಿ ಯಾರೂ ಕೇಳುತ್ತಿಲ್ಲ. ಸಂಪರ್ಕ ಸಿಕ್ಕಿ, ಒಂದು ಅಕ್ಷರವೂ ಬರದೆ ಮುಚ್ಚಿಕೊಂಡರೆ ಅದು ಹಳೆಯ ವ್ರ್ಯಾಪರ್ಸ್‌ನ ಗುರುತು: ಕರ್ನಲ್ ಸಂಪರ್ಕ ಒಪ್ಪಿಕೊಂಡ ಮೇಲೆ ಲೈಬ್ರರಿ ಅದನ್ನು ಕಡಿಯುತ್ತಿತ್ತು. ‘ಎಸ್‌ಎಸ್‌ಎಚ್-2.0-ಓಪನ್‌ಎಸ್‌ಎಸ್‌ಎಚ್’ ಎಂದು ಶುರುವಾಗುವ ಸಾಲು ಕಂಡರೆ ನೀವು ಎಸ್‌ಎಸ್‌ಎಚ್‌ಡಿಯ ಎದುರಿಗೇ ನಿಂತಿದ್ದೀರಿ, ಫೈರ್‌ವಾಲ್ ನಿಮ್ಮನ್ನು ತಡೆಯಲಿಲ್ಲ. ಮ್ಯಾಚ್ ಬ್ಲಾಕನ್ನಷ್ಟೇ ನಂಬಿರುವ ಯಂತ್ರದಲ್ಲೂ ಈ ಸಾಲು ಬರುತ್ತದೆ, ಯಾಕೆಂದರೆ ಆ ತಡೆ ಕೆಲಸ ಮಾಡುವುದು ಲಾಗಿನ್ ಹಂತದಲ್ಲಿ.

ಇಷ್ಟಾದ ಮೇಲೆ ಹೊಸ ಯಂತ್ರದಲ್ಲಿರುವ ಹೋಸ್ಟ್ಸ್.ಅಲೌ, ಹೋಸ್ಟ್ಸ್.ಡಿನೈ ಎರಡನ್ನೂ ಅಳಿಸಿ. ಅಳಿಸಲು ಮನಸ್ಸು ಬರದಿದ್ದರೆ ಒಳಗಿನ ಸಾಲುಗಳನ್ನು ತೆಗೆದು, ‘ಈ ಯಂತ್ರದಲ್ಲಿ ಇದನ್ನು ಯಾರೂ ಓದುವುದಿಲ್ಲ, ನಿಯಮಗಳು ಫೈರ್‌ವಾಲ್‌ಡಿಯಲ್ಲಿವೆ’ ಎಂದು ಒಂದು ಕಾಮೆಂಟ್ ಬರೆದಿಡಿ. ಆನ್ಸಿಬಲ್ ಅಥವಾ ಪಪೆಟ್ ಆ ಫೈಲುಗಳನ್ನು ಹಾಕುತ್ತಿದ್ದರೆ ಅಲ್ಲಿಂದಲೂ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಓಟಕ್ಕೆ ಅವು ಮತ್ತೆ ಬಂದು ಕೂರುತ್ತವೆ.